ಅಬ್ಬಿ ಆರಿಸಿದ ಲ್ಯಾಪ್‌ಟಾಪು

ಕೆಲವರ ಮನೆಗೆ ನೆಂಟರು ಮೊದಲೇ ಹೇಳಿ ಬರುತ್ತಾರೆ, ಕೆಲವರ ಮನೆಗೆ ಹೇಳದೆ ಕೇಳದೆ ಬಂದು ಸೀದಾ ಊಟಕ್ಕೇ ಕೂರುತ್ತಾರೆ. ನನ್ನ ಪಾಲಿಗೆ ಫಜೀತಿಗಳು ಈ ಎರಡನೇ ಜಾತಿಯ ನೆಂಟರು. ನಾನು ಕರೆದದ್ದು ಇಲ್ಲ, ಅವು ಬಾರದ ವಾರವೂ ಇಲ್ಲ.

ನಾನು ಹೇಳುತ್ತಿರುವುದು ಎರಡು ಸಾವಿರದ ಹನ್ನೊಂದರ ಸುಮಾರಿನ ಮಾತು. ಆಗ ಹೆಮ್ಮಾಡಿಯಲ್ಲಿ, ಹೆದ್ದಾರಿ ಬದಿಯ ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಕನ್ನಡ ಟೈಪಿಂಗ್ ಮಾಡುತ್ತಿದ್ದೆ. ಮದುವೆ, ಉಪನಯನ, ಮನೆ ಒಕ್ಕಲು, ಯಾರ ಮನೆಯಲ್ಲಿ ಏನಾದರೂ, ಕರೆಯೋಲೆಯ ಕಾಗದ ನನ್ನ ಮೇಜಿನಿಂದಲೇ ಹೋಗಬೇಕು. ಮನೆ ಉಪ್ಪುಂದದಲ್ಲಿ, ಕಡಲಿನ ಹತ್ತಿರ. ಮನೆಯಲ್ಲಿ ಮೂರೇ ಜನ: ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಅಬ್ಬಿ, ಅಂದರೆ ನನ್ನ ತಾಯಿ, ಬೋಟಿಗೆ ಹೋಗುವ ಅಣ್ಣ, ಮತ್ತೆ ನಾನು. ನಾಲ್ಕನೆಯದಾಗಿ ಒಂದು ಲ್ಯಾಪ್‌ಟಾಪು ಇತ್ತು. ಮುಂಬಯಿಯ ಕ್ಯಾಂಟೀನಿನಲ್ಲಿದ್ದ ಮಾವ, ಯಾರೋ ಬಳಸಿ ಬಿಟ್ಟದ್ದನ್ನು ಲುಂಗಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ಕಳಿಸಿದ್ದು. ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು, ನಮ್ಮ ಮನೆಗೆ ಬಂದ ಮೇಲೆ ಅನುಭವವೂ ಆಯಿತು.

ಆ ಲ್ಯಾಪ್‌ಟಾಪು ಬದಲಾಯಿಸಿದ ಕಥೆ ಇದು. ಒಂದು ಶಾಲೆಯ ನೂರು ವರ್ಷದ ಸ್ಮರಣ ಸಂಚಿಕೆ, ನನ್ನ ಜೀವಮಾನದ ಮೊದಲ ದೊಡ್ಡ ಕೆಲಸ, ಕೈಗೆ ಬರುವುದೋ ತಪ್ಪುವುದೋ ಎಂಬುದು ಅದರ ಮೇಲೆಯೇ ನಿಂತಿತ್ತು. ಆದರೆ ಬದಲಾಯಿಸುವ ಹಾಗೆ ಯಾಕಾಯಿತು ಎಂದು ಮೊದಲು ಹೇಳಬೇಕು.

೧. ಕಾಗೆ ಕೊಂಡುಹೋದ ಅಕ್ಷರ

ಒಂದು ಬೆಳಿಗ್ಗೆ ಅಬ್ಬಿಯ ಮೀನಿನ ಥರ್ಮಕೋಲ್ ಪೆಟ್ಟಿಗೆ ಸೋರಿ, ಐಸಿನ ನೀರೆಲ್ಲ ನೆಲದ ಮೇಲಿದ್ದ ನನ್ನ ಲ್ಯಾಪ್‌ಟಾಪಿನ ಚೀಲದೊಳಗೆ ಹೋಯಿತು. ಎತ್ತಿದರೆ ತೊಟ ತೊಟ ನೀರು. ನಾನು ಜೋರಾಗಿ ಅಳಲಿಕ್ಕೆ ಶುರುಮಾಡಿದೆ.

"ಮರ್ಕುದ್ ಎಂತಕ್ಕೆ ಹೆಣೆ? ಒದ್ದೆ ಆಯ್ರೆ ಒಣಗ್ಸ್ಕ್," ಎಂದಳು ಅಬ್ಬಿ. ಅವಳ ಅನುಭವದಲ್ಲಿ ಒಣಗಿಸಿದರೆ ಹಾಳಾಗುವ ವಸ್ತುವೇ ಇಲ್ಲ. ನಾನು ಮುಖ ತೊಳೆದು ಬರುವುದರೊಳಗೆ ಅವಳು ಅದನ್ನು ಅಂಗಳಕ್ಕೆ ಕೊಂಡುಹೋಗಿ, ಹಳೇ ಬಲೆಯ ಮೇಲೆ ಸಾಲಾಗಿ ಹರಡಿದ್ದ ಬೈಗೆ ಮೀನಿನ ನಡುವೆ ಜಾಗ ಮಾಡಿ, ಬಾಯಿ ಬಿಡಿಸಿ ಮಲಗಿಸಿದ್ದಳು. ಕಾಗೆ ಬಾರದ ಹಾಗೆ ಮೇಲಿನಿಂದ ಇನ್ನೊಂದು ಬಲೆ. ಮಧ್ಯಾಹ್ನ ಎಲ್ಲ ಮೀನನ್ನು ಮಗುಚಿ ಹಾಕುವಾಗ ಇದನ್ನೂ ಮಗುಚಿ ಹಾಕಿದಳು. ಎರಡು ದಿನ ಹೀಗೇ ಒಣಗಿತು.

ಮೂರನೇ ದಿನ ಬಟನ್ ಒತ್ತಿದೆ. ಹೊತ್ತಿಕೊಂಡಿತು ಮಾರಾಯ್ರೆ! ನಾನು ಅಬ್ಬಿಯನ್ನು ಅಪ್ಪಿಕೊಂಡು ಕುಣಿದುಬಿಟ್ಟೆ. ಕುಣಿದು ಮುಗಿದ ಮೇಲೆ ನೋಡಿದರೆ ಕೀಲಿಯೊಂದು ಇಲ್ಲ. 'ಮ' ಒತ್ತುವ ಕೀಲಿ. ಬಲೆ ಹರಿದಿದ್ದ ಜಾಗದಲ್ಲಿ ಕಾಗೆ ಕೊಕ್ಕು ಹಾಕಿತ್ತು. ಮದುವೆ ಕಾಗದ ಮಾಡುವವಳಿಗೆ ಅದೇ ಕೀಲಿ ಇಲ್ಲದಿದ್ದರೆ ಹೇಗೆ ಎಂದು ನಾನು ಮತ್ತೆ ಅಳುಮುಖ ಮಾಡಿದೆ.

ಅಬ್ಬಿಗೆ ಸಿಟ್ಟು ಬಂತು. "ನಿಂದ್ ಕಾಗಿ ಕೊಂಡ್ ಹೋದ್ದ್ ಒಂದೇ ಅಲ್ದಾ? ನನ್ ಬೈಗಿ ಹತ್ತ್ ಕೊಂಡ್ ಹೋಯ್ತ್. ನಾ ಮರ್ಕಿದ್ನಾ?"

೨. ಹಾಲು ಬಿಟ್ಟ ಬೆಕ್ಕು

ಕೀಲಿ ಹೋದ ಜಾಗದಲ್ಲಿ ಒಂದು ರಬ್ಬರಿನ ಗುಬುಟು ಇತ್ತು, ಅದನ್ನೇ ಒತ್ತಿ ಕೆಲಸ ನಡೆಸಿದೆ. ಆದರೆ ವಾಸನೆಗೆ ಏನು ಮಾಡುವುದು? ಲ್ಯಾಪ್‌ಟಾಪು ಬಿಸಿಯಾಗಿ ಒಳಗಿನ ಫ್ಯಾನು ತಿರುಗಲಿಕ್ಕೆ ಶುರುವಾದರೆ ಸಾಕು, ಒಣಮೀನಿನ ಬಿಸಿಗಾಳಿ ಬುರ್ರೆಂದು ಬರುತ್ತಿತ್ತು. ಜೆರಾಕ್ಸ್ ಅಂಗಡಿಯ ಬೆಕ್ಕು ತನ್ನ ಹಳೇ ಜಾಗ ಬಿಟ್ಟು ಬಂದು ಆ ಫ್ಯಾನಿನ ಎದುರಿಗೆ ಮುಖ ಇಟ್ಟು, ಕಣ್ಣು ಮುಚ್ಚಿ ಕೂರುತ್ತಿತ್ತು. ಕೆಲಸ ಮುಗಿಸಿ ನಾನು ಮುಚ್ಚಿದರೆ ನನ್ನನ್ನು ದುರುಗುಟ್ಟಿ ನೋಡುತ್ತಿತ್ತು.

ಹೀಗಿರುವಾಗ ಕೋಟದ ಕಡೆಯ ಒಬ್ಬರು ಭಟ್ಟರು ಮಗನ ಉಪನಯನದ ಕಾಗದ ಮಾಡಿಸಲಿಕ್ಕೆ ಬಂದರು. ಹೆಸರೆಲ್ಲ ಹೇಳುತ್ತಾ ಹೇಳುತ್ತಾ ಅವರ ಮೂಗು ಒಂದು ಸಲ ಆಚೆ, ಒಂದು ಸಲ ಈಚೆ ತಿರುಗಿತು. ಮೇಜಿನ ಅಡಿ ನೋಡಿದರು, ನನ್ನ ಚೀಲ ನೋಡಿದರು. ಕಡೆಗೆ ಶಾಲಿನ ತುದಿ ಮೂಗಿಗೆ ಹಿಡಿದು ಮೆಲ್ಲಗೆ ಕೇಳಿದರು, "ಮಗಾ, ಇದ್ ಮಿಷನ್ನಿಂದ ಬಪ್ದಾ?"

ಸುಳ್ಳು ಹೇಳಿ ಪ್ರಯೋಜನ ಇಲ್ಲ. ಐಸು, ಅಂಗಳ, ಬೈಗೆ, ಕಾಗೆ, ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಅಡ್ಡಿಲ್ಲೆ, ಕಾಗ್ದಕ್ಕೆ ವಾಸ್ನಿ ಹಿಡೂದಿಲ್ಲೆ ಅಲ್ದಾ?" ಎಂದರು. ಅಚ್ಚು ಹಾಕುವುದು ಪ್ರೆಸ್ಸಿನಲ್ಲಿ, ಹೆದರಬೇಡಿ ಎಂದೆ. ತಪ್ಪು ನೋಡಲಿಕ್ಕೆ ಒಂದು ಪ್ರತಿ ಬೇಕೆಂದರು. ಅದೊಂದು ಹಾಳೆ ಇಡೀ ದಿನ ನನ್ನ ಲ್ಯಾಪ್‌ಟಾಪಿನ ಚೀಲದಲ್ಲಿತ್ತು ಎಂಬುದು ನನಗೂ ನೆನಪಾಗಲಿಲ್ಲ.

ವಾರ ಬಿಟ್ಟು ಬಂದರು. "ಕಾಗ್ದ ಲಾಯ್ಕ್ ಆಯ್ತ್ ಮಗಾ, ಒಂದ್ ತಪ್ಪಿಲ್ಲೆ. ಆರೆ ಆ ಪ್ರೂಫ್ ಮನಿಗ್ ಕೊಂಡ್ ಹೋಪ್ಕಾಗ್ದಿತ್. ನಮ್ಮನಿ ಬೆಕ್ಕ್ ಅದ್ರ ಮೇಲೇ ಮನಿಕಂಡಿತ್. ಹುಟ್ಟಿದ್ ಲಾಗಾಯ್ತ್ ಹಾಲನ್ನ ತಿಂದ್ ಬೆಳ್ದ ಬೆಕ್ಕ್, ಈಗ ಹಾಲ್ ಇಟ್ರೆ ನಮ್ ಮುಖ ಕಾಂತ್!"

೩. ಅಣ್ಣನ ಗಂಟು

ಆಮೇಲೆ ಮುಚ್ಚಳದ ಕೀಲು ಮುರಿಯಿತು. ಪರದೆ ಹಿಂದಕ್ಕೆ ಬಿದ್ದು ಆಕಾಶ ನೋಡಲಿಕ್ಕೆ ಶುರುಮಾಡಿತು. ರಿಪೇರಿಗೆ ಕೊಟ್ಟರೆ ಕೆಲಸ ನಿಲ್ಲುತ್ತದೆ. "ನಾ ಇಪ್ಪತಿಗೆ ರಿಪೇರಿ ಎಂತಕ್ಕೆ?" ಎಂದು ಅಣ್ಣ ಬಲೆ ನೇಯುವ ನೈಲಾನ್ ದಾರ ತಂದು, ಮುಚ್ಚಳವನ್ನೂ ಬುಡವನ್ನೂ ಸೇರಿಸಿ ಕಟ್ಟಿಕೊಟ್ಟ. ಕೆಲಸ ಮಾಡುವಾಗ ಸಡಿಲ ಮಾಡಿ ಮೇಜಿನಾಚೆಯ ಕುರ್ಚಿಯ ಬೆನ್ನಿಗೆ ಬಿಗಿಯುವುದು, ಬಸ್ಸಿಗೆ ಹತ್ತುವಾಗ ಸುತ್ತ ಬಿಗಿದು ಗಂಟು ಹಾಕುವುದು. ಒಳ್ಳೆಯ ಏರ್ಪಾಡು. ಒಂದೇ ತೊಂದರೆ, ಗಂಟು ಬಿಚ್ಚಲಿಕ್ಕೆ ಅವನಿಗೆ ಮಾತ್ರ ಬರುತ್ತಿತ್ತು.

ಅದು ತಿಳಿದದ್ದು ಮೊದಲ ದಿನವೇ, ಒಂದು ಸೋಮವಾರ. ಬೆಳಿಗ್ಗೆ ಅವನು ಗಂಟು ಬಿಗಿದು ಕೊಟ್ಟ, ನಾನು ಬಸ್ಸು ಹತ್ತಿದೆ. ಅವನು ಬೋಟು ಹತ್ತಿದ. ಹತ್ತು ದಿನದ ಟ್ರಿಪ್ಪು. ಹೆಮ್ಮಾಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆ, ನಾನು ಉಗುರಲ್ಲಿ ಕೆರೆಯುತ್ತಿದ್ದೇನೆ. ಫೋನು ಮಾಡಿದರೆ ಅವನು ನೆಟ್‌ವರ್ಕಿನಿಂದ ಆಚೆ. ಕತ್ತರಿ ಹಾಕುವ ಹಾಗಿಲ್ಲ, ಯಾಕೆಂದರೆ ಅದೇ ದಾರದಲ್ಲಿ ಪರದೆ ನಿಂತದ್ದು. ಕತ್ತರಿಸಿದರೆ ಪರದೆ ಒಂದು ಕೈಗೆ, ಬುಡ ಇನ್ನೊಂದು ಕೈಗೆ.

ಉಪ್ಪುಂದಕ್ಕೆ ವಾಪಸು ಬಸ್ಸು ಹತ್ತಿ ಕಡಲ ಬದಿಯ ಚಪ್ಪರಕ್ಕೆ ಓಡಿದೆ. ಅಲ್ಲಿ ನಾಲ್ಕು ಜನ ಹಿರಿಯರು ಬಲೆ ಸರಿಮಾಡುತ್ತಾ ಕೂತಿದ್ದರು. ಲ್ಯಾಪ್‌ಟಾಪು ನೋಡಿ ಅವರಿಗೆ ಏನೂ ಅನಿಸಲಿಲ್ಲ, ಗಂಟು ನೋಡಿ ಭಾರೀ ಉಮೇದು ಬಂತು. ಒಬ್ಬರು, "ಇದ್ ನಮ್ ಬದಿ ಗಂಟ್ ಅಲ್ಲ," ಎಂದರು. ಇನ್ನೊಬ್ಬರು, "ಅಲ್ದೇ ಎಂತ? ಇದ್ ನನ್ ಅಪ್ಪಯ್ಯ ಹಾಕ್ತಿದ್ ಗಂಟೇ," ಎಂದರು. ಅರ್ಧ ಗಂಟೆ ಇದೇ ವಾದ. ಕಡೆಗೆ ಎಲ್ಲರಿಗಿಂತ ಹಿರಿಯರಾದ ಅಜ್ಜ ಬಲೆಯ ಸೂಜಿಯ ತುದಿ ಹಾಕಿ ಅಲ್ಲಾಡಿಸಿದರು, ಗಂಟು ಬಿಟ್ಟಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅಜ್ಜನಿಗೆ ಕೈಮುಗಿದು, ಆಚೆ ಬಿದ್ದಿದ್ದ ಚೀಲ ಎತ್ತಿಕೊಂಡು ತಿರುಗಿದೆ. ಅಷ್ಟರಲ್ಲಿ ಅವರು ಲ್ಯಾಪ್‌ಟಾಪನ್ನು ಪುನಃ ಮುಚ್ಚಿ, ಬಿಗಿದು, ನನ್ನ ಕೈಗೆ ಕೊಟ್ಟು ಹೇಳಿದರು, "ನಿನ್ ಅಣ್ಣಂಗ್ ಗಂಟ್ ಹಾಕೂಕ್ ಬತ್ತಿಲ್ಲೆ ಮಗಾ. ನಾ ಲಾಯ್ಕ್ ಮಾಡಿ ಹಾಕಿದೆ. ಇನ್ನ್ ಯಾರ್ ಬಂದ್ರೂ ಬಿಚ್ಚೂಕಾತಿಲ್ಲೆ."

೪. ಹಣೆಯವರೆಗೆ ಬಂದ ಮಾಷ್ಟ್ರು

ಆ ಗಂಟನ್ನು ಬಿಚ್ಚುವುದೂ ಪುನಃ ಹಾಕುವುದೂ ಅಬ್ಬಿಗೆ ಮಾತ್ರ ಬಂತು. ದಿನವೂ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗುವಾಗ ಅವಳು ಹೆಮ್ಮಾಡಿಯಲ್ಲಿ ಇಳಿದು, ಹಲ್ಲಲ್ಲಿ ಕಚ್ಚಿ ಬಿಚ್ಚಿಕೊಟ್ಟು, ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ಅಂಥ ಹೊತ್ತಿನಲ್ಲಿ ಒಂದು ಬುಧವಾರ ಮೊದಲು ಹೇಳಿದ ಆ ಶಾಲೆಯ ನಿವೃತ್ತ ಹೆಡ್‌ಮಾಷ್ಟ್ರು ಬಂದರು. ಕೊಕ್ಕರ್ಣೆ ಕಡೆಯವರು. ಶಾಲೆಗೆ ನೂರು ವರ್ಷ, ಸ್ಮರಣ ಸಂಚಿಕೆ ತರಬೇಕು, ಇನ್ನೂರು ಪುಟ, ರಾಶಿ ರಾಶಿ ಫೋಟೋ. "ನೀ ಟೈಪ್ ಮಾಡಿದ್ರಲ್ಲಿ ತಪ್ಪಿರೂದಿಲ್ಲ ಅಂಬ್ರ್. ಅದ್ಕ್ ಬಂದೆ," ಎಂದರು.

ಇದು ಸಿಕ್ಕಿದರೆ ಮೂಲೆಯ ಮೇಜು ಬಿಟ್ಟು ಸ್ವಂತ ಅಂಗಡಿ ಹಾಕಬಹುದು! ಅವರು ಮಾದರಿಗೆ ಒಂದು ಫೋಟೋ ಕೊಟ್ಟರು, ಅವರೇ ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷದ್ದು, ಎಲ್ಲ ಶಿಕ್ಷಕರೂ ಸಾಲಾಗಿ ನಿಂತದ್ದು. ಅಂಗಡಿಯ ಸ್ಕ್ಯಾನರಿನಿಂದ ಲ್ಯಾಪ್‌ಟಾಪಿಗೆ ಇಳಿಸಿ, ತೆರೆಯಲಿಕ್ಕೆ ಒತ್ತಿದೆ. ಫ್ಯಾನು ಕೂಗಿತು, ಬೆಕ್ಕು ಬಂದು ಕೂತಿತು. ಪರದೆಯ ಮೇಲಿನಿಂದ ಮೊದಲು ಶಾಲೆಯ ಹಂಚಿನ ಮಾಡು ಬಂತು. ಮಾಷ್ಟ್ರು ಚಾ ಕುಡಿದರು. ಕಿಟಕಿಯ ತುದಿ ಬಂತು. ಮಾಷ್ಟ್ರು ಪೇಪರು ಓದಿದರು. ಆಮೇಲೆ ಮೆಲ್ಲಗೆ ಎಲ್ಲರ ತಲೆಗೂದಲು, ಹಣೆ ಬಂದು, ಅಲ್ಲಿಗೆ ನಿಂತೇಬಿಟ್ಟಿತು.

ಮಾಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಸೋಮವಾರ ಮಧ್ಯಾಹ್ನ ಬತ್ತೆ. ಅಷ್ಟೊತ್ತಿಗೆ ಹೊಸ ಮಿಷನ್ ಇದ್ರೆ ಕೆಲ್ಸ ನಿಂಗೆ. ಇಲ್ದಿರೆ ಬೇರೆ ಕಡಿಗ್ ಕೊಡ್ತೆ, ಬೇಜಾರ್ ಮಾಡ್ಕಣ್ಬೇಡ. ಇದ್ರಲ್ಲಿ ಹಣಿ ಬಪ್ಪುಕೆ ಒಂದ್ ಚಾ ಆಯ್ತ್, ಮೂಗ್ ಬಪ್ಪೊರಿಗೆ ನಾ ಬದ್ಕಿರ್ಕಲೆ!"

೫. ಹದಿನಾಲ್ಕು ಎಲೆ

ಮನೆಗೆ ಹೋಗಿ ಅಬ್ಬಿಗೆ ಹೇಳಿದೆ. ಅವಳು ಮಾಡಿನ ಹಂಚು ಬದಲಿಸಲಿಕ್ಕೆಂದು ಒಂದಿಷ್ಟು ಹಣ ತೆಗೆದಿಟ್ಟಿದ್ದಳು. ಒಂದು ಗಳಿಗೆ ಮಾಡು ನೋಡಿದಳು, ಒಂದು ಗಳಿಗೆ ನನ್ನ ಮುಖ ನೋಡಿದಳು. "ಸೋರುವಲ್ಲಿಗ್ ಒಂದ್ ಕೊಡಪಾನ ಇಟ್ರಾಯ್ತ್. ಹೊಸ್ದೇ ತಕಂಬ," ಎಂದಳು. ನನಗೆ ಆಗ ಆದ ಸಂತೋಷ ಹೇಳಲಿಕ್ಕೆ ಬಾರದು. ಹೊಸದು! ಲುಂಗಿಯಲ್ಲಿ ಬಂದದ್ದಲ್ಲ, ಡಬ್ಬಿಯಲ್ಲಿ ಬಂದದ್ದು! ಆದರೆ ಹೆದರಿಕೆಯೂ ಇತ್ತು. ಆರಿಸುವುದರಲ್ಲಿ ತಪ್ಪಿದರೆ ಕೆಲಸವೂ ಇಲ್ಲ, ಹಂಚೂ ಇಲ್ಲ.

ಗುರುವಾರ ಕುಂದಾಪುರದ ಅಂಗಡಿಗೆ ಹೋದೆ. ಮಾಲೀಕರು ಇರಲಿಲ್ಲ, ಸೇಲ್ಸಿನ ಹುಡುಗಿ ಇದ್ದಳು. ಹತ್ತು ಲ್ಯಾಪ್‌ಟಾಪು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಒಂದೊಂದರ ಮೈ ಸವರಿದೆ. ಎಲ್ಲದರಲ್ಲೂ ಎಲ್ಲ ಕೀಲಿಗಳೂ ಇದ್ದವು! "ಇದರಲ್ಲಿ ಕನ್ನಡವೂ ಇದೆ, ಟೈಪ್ ಮಾಡಿ ನೋಡಿ ಅಕ್ಕ," ಎಂದಳು ಹುಡುಗಿ. ಬೆರಳು ಇಟ್ಟದ್ದೇ ತಡ, ಆ ವಾರ ನಾನು ಮಾಡುತ್ತಿದ್ದ ಒಂದು ಮದುವೆ ಕಾಗದ ತನ್ನಷ್ಟಕ್ಕೆ ಬಂತು. ಗಂಡಿನ ಹೆಸರು, ಹೆಣ್ಣಿನ ಹೆಸರು, ಮುಹೂರ್ತ, ಮಂಟಪ, ಕೆಳಗೆ ಆಗಮನ ಬಯಸುವವರ ಪಟ್ಟಿ. ಟಕಟಕ ಟಕಟಕ. ಅಷ್ಟು ಮೆತ್ತಗಿನ ಕೀಲಿಗಳನ್ನು ನಾನು ಮುಟ್ಟಿದ್ದೇ ಇಲ್ಲ.

ಹಿಂದಿನಿಂದ ಒಂದು ದನಿ, "ಹ್ವಾಯ್, ಒಂದ್ ಗಳ್ಗಿ ನಿಲ್ಸಿ. ಇದ್ ಯಾರ್ ಮದಿ?"

ತಿರುಗಿದರೆ ಮಿಕ್ಸಿ ಕೊಳ್ಳಲಿಕ್ಕೆ ಬಂದ ಗಂಡ ಹೆಂಡತಿ. ಗಂಡ ಪರದೆಗೆ ಮೂಗು ತಾಗಿಸಿ ಓದುತ್ತಿದ್ದಾರೆ. "ಇದ್ ನಮ್ ದೊಡ್ಡಪ್ಪನ್ ಮೊಮ್ಮಗನ್ ಮದಿ ಅಲ್ದಾ? ಕಾಂಬ, ನಮ್ ಹೆಸ್ರ್ ಎಲ್ಲಿತ್ತ್?"

ಎಲ್ಲಿಯೂ ಇರಲಿಲ್ಲ. ಹೆಂಡತಿ, "ನಾ ಆಗ್ಳೇ ಹೇಳಿದ್ನಲೆ, ಅವ್ರ್ ನಮ್ಗ್ ಹೇಳೂದಿಲ್ಲ ಅಂದೇಳಿ," ಎಂದು ಸೆರಗು ಕಣ್ಣಿಗೆ ಹಿಡಿದರು. ಗಂಡ ಅಲ್ಲಿಂದಲೇ ಫೋನು ತೆಗೆದು, ಇಡೀ ಅಂಗಡಿಗೆ ಕೇಳುವ ಹಾಗೆ ದೊಡ್ಡಪ್ಪನ ಮನೆಯ ಮೂರು ತಲೆಮಾರಿನ ಸುದ್ದಿ ತೆಗೆದರು. ನಾನು ಅಳಿಸುವ ಕೀಲಿ ಹುಡುಕುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಯಾವುದನ್ನೂ ಆರಿಸದೆ ಸದ್ದಿಲ್ಲದೆ ಹೊರಗೆ ಬಂದೆ.

ಮರುದಿನ ಬೆಳಿಗ್ಗೆಯೇ ಮದುವೆ ಮನೆಯವರ ಫೋನು. ಬೈಯುತ್ತಾರೆಂದು ಕಿವಿಯಿಂದ ದೂರ ಹಿಡಿದೆ. "ಹೆಸ್ರ್ ಹನ್ನೊಂದ್ ಸೇರ್ಸ್ಕ್ ಮಾರಾಯ್ತಿ. ಮತ್ತೆ ನೀನ್ ಮಿಷನ್ ತಕಂಬ್ದ್ ಮುಗೀತಾ? ಮುಗ್ಸ್ ಬೇಗ. ಈಗ್ಲೇ ಊಟಕ್ಕ್ ಹದಿನಾಕ್ ಎಲಿ ಜಾಸ್ತಿ ಆಯ್ತ್."

೬. ಅವನ ಜಿಬಿ

ಶುಕ್ರವಾರ ಮಾಷ್ಟ್ರೇ ಫೋನು ಮಾಡಿ, "ಬ್ರಹ್ಮಾವರದಲ್ಲೊಂದ್ ಅಂಗ್ಡಿ ಇತ್ತ್, ಬಾ, ನಾನೂ ಬತ್ತೆ," ಎಂದರು. ನನಗೆ ಧೈರ್ಯ ಬಂತು. ಓದಿದವರು ಜೊತೆಗಿದ್ದರೆ ಮೋಸ ಆಗುವುದಿಲ್ಲ.

ಅಂಗಡಿಯವರು ನಲವತ್ತರ ಪ್ರಾಯದವರು, ಟೈ ಕಟ್ಟಿಕೊಂಡು ಪಟಪಟನೆ ಮಾತಾಡುತ್ತಿದ್ದರು. ಪ್ರೊಸೆಸರು, ಎರಡು ಜಿಬಿ, ಮುನ್ನೂರು ಜಿಬಿ ಎನ್ನುತ್ತಾ ತಿರುಗಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮಾಷ್ಟ್ರನ್ನು ನೋಡಿದರು. ನೋಡಿದ್ದೇ, ಕೈಕಟ್ಟಿ ನಿಂತುಬಿಟ್ಟರು. ಬಾಯಿ ಬಂದ್. ಏಳನೇ ಕ್ಲಾಸಿನಲ್ಲಿ ಇದೇ ಮಾಷ್ಟ್ರ ಕೈಯಲ್ಲಿ ಕಲಿತವರಂತೆ.

"ಜಿಬಿ ಅಂದ್ರೆ ಎಂತ? ಬಿಡ್ಸಿ ಹೇಳ್," ಎಂದರು ಮಾಷ್ಟ್ರು.

"ಅದ್... ಸಾವ್ರ... ಅಲ್ಲ ಸಾರ್, ಸಾವ್ರದ ಇಪ್ಪತ್ತ್..." ಅವರು ಬೆವರು ಒರೆಸಿಕೊಂಡರು. ಬೇರೆ ಗಿರಾಕಿಗಳೆಲ್ಲ ನೋಡುತ್ತಿದ್ದರು.

"ಹೋಯ್ಲಿ. ಹತ್ತೊಂಬತ್ತರ ಮಗ್ಗಿ ಈಗ ಬತ್ತಾ?"

ಹತ್ತೊಂಬತ್ತೈದಲ ತೊಂಬತ್ತೈದರವರೆಗೆ ಬಂತು, ಮುಂದೆ ಹೋಗಲಿಲ್ಲ. ಮಾಷ್ಟ್ರು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. ನನಗೆ ಆ ಲ್ಯಾಪ್‌ಟಾಪು ಚೆನ್ನಾಗಿಯೇ ಕಂಡಿತ್ತು, ಬೆಲೆಯೂ ಅಡ್ಡಿಯಿರಲಿಲ್ಲ. ಹೇಳಿ ನೋಡಿದೆ. ಮಾಷ್ಟ್ರು ತಲೆ ಕೊಡವಿದರು. "ಬ್ಯಾಡ. ಇವ ಲೆಕ್ಕದಲ್ಲಿ ಎರಡ್ ಸಲ ಫೇಲ್. ಇವ್ನ್ ಮುನ್ನೂರ್ ಜಿಬಿ ಮನಿಗ್ ಹೋಯ್ ಎಣ್ಸ್ರೆ ಇನ್ನೂರೈವತ್ತೂ ಇರ್ತಿಲ್ಲೆ!"

೭. ಅಬ್ಬಿಯ ಆರಿಸುವಿಕೆ

ಶನಿವಾರ ಬಂತು. ನನ್ನ ಮುಖ ನೋಡಿ ಅಬ್ಬಿ, "ನಿಂಗ್ ಆರ್ಸೂಕ್ ಬತ್ತಿಲ್ಲೆ. ಮಾರ್ಕೆಟ್ ಮುಗ್ಸಿ ನಾ ಬತ್ತೆ," ಎಂದಳು. ಮಧ್ಯಾಹ್ನ ಕುಂದಾಪುರದ ಅದೇ ಅಂಗಡಿಗೆ ಹೋದೆವು. ನನ್ನ ಕೈಯಲ್ಲಿ ದಾರ ಬಿಗಿದ ಹಳೇ ಲ್ಯಾಪ್‌ಟಾಪು, ಅಬ್ಬಿಯ ತಲೆಯ ಮೇಲೆ ಖಾಲಿ ಬುಟ್ಟಿ. ಬುಟ್ಟಿಯನ್ನು ಏಸಿಯ ಕೆಳಗೇ ಇಟ್ಟಳು.

ಆ ದಿನ ಮಾಲೀಕರು ಇದ್ದರು. ಅಬ್ಬಿಯನ್ನು ನೋಡಿ ಎದ್ದು ನಿಂತರು. "ಓ, ಅಕ್ಕಾ, ನೀವಾ!"

ಅಬ್ಬಿಯ ಕಣ್ಣು ಮಿಂಚಿತು. ಯಾಕೆಂದರೆ ಅವರು ಅವಳ ಭಾನುವಾರದ ಗಿರಾಕಿ. ಮಾರ್ಕೆಟ್ಟಿನಲ್ಲಿ ಅವರಷ್ಟು ಚೌಕಾಸಿಯವರು ಯಾರೂ ಇಲ್ಲ. ಬುಟ್ಟಿಯ ಒಂದೊಂದು ಬಂಗಡೆಯನ್ನೂ ಎತ್ತಿ, ಹೊಟ್ಟೆ ಒತ್ತಿ, ಕಿವಿರು ಬಿಡಿಸಿ, ಮೂಸಿ, "ಇದು ನಿನ್ನೆಯದ್ದು" ಎಂದು ಕೆಳಗಿಟ್ಟು, ನಾಲ್ಕು ಹೆಜ್ಜೆ ಹೋಗಿ, ಕರೆಸಿಕೊಂಡು ವಾಪಸು ಬಂದು, ಕೊಸರು ಅಂತ ಎರಡು ಮೀನು ಹೆಚ್ಚಿಗೆ ಹಾಕಿಸಿಕೊಂಡು, ಕ್ಲೀನು ಮಾಡಿಸಿಕೊಂಡು ಹೋಗುವವರು.

"ಕೂಕಣಿ ಅಕ್ಕಾ."

"ಕೂಕಂಬುಕ್ ಬಂದದ್ದಲ್ಲ ಸಾವ್ಕಾರ್ರೆ. ವರ್ಷಗಟ್ಲೆ ನನ್ ಬುಟ್ಟಿ ನೀವ್ ಕಂಡ್ರಿ. ಇವತ್ತ್ ನಿಮ್ ಬುಟ್ಟಿ ನಾ ಕಾಂತೆ."

ಗುರುವಾರ ನಾನು ಮನಸ್ಸು ಕೊಟ್ಟಿದ್ದ ಲ್ಯಾಪ್‌ಟಾಪನ್ನು ತೋರಿಸಿದೆ. ಅಬ್ಬಿ ಅದನ್ನು ಎತ್ತಿ, ಅಂಗೈಯನ್ನು ಅದರ ಹೊಟ್ಟೆಗೆ ಇಟ್ಟಳು. "ತಂಪಿತ್ತಲೆ. ಐಸಂಗ್ ಇಟ್ಟದ್ದಾ?"

"ಐಸಲ್ಲ ಅಕ್ಕಾ, ಏಸಿ."

"ಎಂತದೋ ಒಂದ್. ಇದ್ ಬಂದ್ ಎಷ್ಟ್ ದಿನ ಆಯ್ತ್?"

ಸೇಲ್ಸಿನ ಹುಡುಗಿ ಸತ್ಯ ಹೇಳಿಬಿಟ್ಟಳು, "ಮೂರು ತಿಂಗಳು." ಅಬ್ಬಿ ನನ್ನ ಕಡೆ ತಿರುಗಿ, "ಮೂರ್ ತಿಂಗ್ಳ್!" ಎಂದಳು. ನಾನು ನಾಚಿಕೆಯಿಂದ ನೆಲ ನೋಡಿದೆ. ಆಮೇಲೆ ಅವಳು ಮುಚ್ಚಳವನ್ನು ಮೀನಿನ ಕಿವಿರು, ಅವಳ ಮಾತಿನಲ್ಲಿ ಕೆಮಿ, ಬಿಡಿಸುವ ಹಾಗೆ ಎರಡು ಬೆರಳಲ್ಲಿ ಬಿಡಿಸಿ, ಬಿಟ್ಟು, ಮತ್ತೆ ಬಿಡಿಸಿದಳು. ಕಿವಿ ಕೊಟ್ಟು ಕೇಳಿದಳು. ಮೂಸಿದಳು. "ಇದ್ರ ಕೆಮಿ ಸಡ್ಲ. ಊರವ್ರೆಲ್ಲ ಕೈ ಹಾಕಿದ್ದ್."

ಮಾಲೀಕರ ಮುಖ ಸಣ್ಣದಾಯಿತು. ನಾನು ಅಲ್ಲಾಡಿಸಿ ನೋಡಿದೆ. ಹೌದು, ಕೀಲು ಸಡಿಲವೇ! ಕೀಲು ಮುರಿದ ಲ್ಯಾಪ್‌ಟಾಪಿನಿಂದ ಅಷ್ಟು ಅನುಭವಿಸಿದ ನನಗೆ ಅದು ಕಾಣಲೇ ಇಲ್ಲ, ಮೆತ್ತಗಿನ ಕೀಲಿಗಳ ಮರುಳಿನಲ್ಲಿ. ಮಾಲೀಕರು ಒಳಗಿನಿಂದ ಸೀಲು ಹಾಕಿದ ಡಬ್ಬಿ ತರಿಸಿದರು. ಅಬ್ಬಿ ಅದನ್ನು ಮುಟ್ಟಲಿಲ್ಲ. "ಬುಟ್ಟಿ ಮುಚ್ಚಿ ಮೀನ್ ಮಾರ್ರೆ ನೀವ್ ತಕಂತ್ರ್ಯಾ? ಬಿಚ್ಚಿ." ಬಿಚ್ಚಿದರು. ಹೊಸ ಪ್ಲಾಸ್ಟಿಕ್ಕಿನ ಪರಿಮಳ ಬಂತು. ಮುಚ್ಚಳ ಬಿಗಿಯಾಗಿ ನಿಂತಿತು. ಪೆನ್‌ಡ್ರೈವಿನಲ್ಲಿ ತಂದಿದ್ದ ಮಾಷ್ಟ್ರ ಫೋಟೋ ಹಾಕಿ ನೋಡಿದೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲರಿಗೂ ಮೂಗು ಬಂದಿತ್ತು. ನನಗೆ ಅಲ್ಲಿಯೇ ಕುಣಿಯುವ ಹಾಗಾಯಿತು. "ಇದೇ ಅಬ್ಬಿ, ಇದೇ!" ಎಂದೆ. ಅವಳು ನನ್ನ ಕಾಲು ತುಳಿದಳು.

ಬೆಲೆ ಕೇಳಿದಳು. ಹೇಳಿದರು. ಅವಳು ಕೇಳಿದ್ದು ಬಹಳ ಕಡಿಮೆ. "ಅಷ್ಟಕ್ಕೆ ಬತ್ತಿಲ್ಲೆ ಅಕ್ಕಾ." ಅಬ್ಬಿ ಬುಟ್ಟಿ ಎತ್ತಿ ತಲೆ ಮೇಲಿಟ್ಟು ಹೊರಟೇಬಿಟ್ಟಳು. ನನ್ನ ಜೀವ ಹೋಯಿತು. ನನ್ನ ಕಣ್ಣ ಮುಂದೆಯೇ ಸೋಮವಾರ ಬಂತು, ಮಾಷ್ಟ್ರು ಬಂದರು, ಕೆಲಸ ಹೋಯಿತು! ಒಂದು ಹೆಜ್ಜೆ. ಎರಡು. ಮೂರು. ಬಾಗಿಲ ಹತ್ತಿರ ನಾಲ್ಕು.

"ಅಕ್ಕಾ! ಬನ್ನಿ, ಬನ್ನಿ."

ಅಬ್ಬಿ ನನ್ನ ಕಿವಿಯಲ್ಲಿ ಹೇಳಿದಳು, "ನಾಕನೇ ಹೆಜ್ಜಿಗ್ ಕರೀತ್ರ್ ಅಂದೇಳಿ ನಂಗ್ ಗೊತ್ತಿತ್. ನಾನೂ ಅವ್ರನ್ ನಾಕಕ್ಕೇ ಕರೂದ್."

ಬೆಲೆ ನಡುವೆ ಎಲ್ಲೋ ನಿಂತಿತು. ಅಬ್ಬಿ ಕೊಸರು ಕೇಳಿದಳು. ಚೀಲ ಕೊಟ್ಟರು. "ಒಂದೇಯಾ? ನೀವ್ ಎರಡ್ ತೆಗೂದಲ್ದಾ?" ಮೌಸೂ ಬಂತು. "ಇನ್ನ್ ಕ್ಲೀನ್ ಮಾಡಿ ಕೊಡಿ." ಕ್ಲೀನು ಅಂದರೆ ಕನ್ನಡ ಅಕ್ಷರ ಹಾಕಿ, ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ತುಂಬಿಸುವುದು ಎಂದು ನಾನು ಬಿಡಿಸಿ ಹೇಳಿದೆ.

ಅಷ್ಟಾದರೂ ನಮ್ಮ ಕೈಯಲ್ಲಿದ್ದದ್ದಕ್ಕೂ ಬೆಲೆಗೂ ಸ್ವಲ್ಪ ಅಂತರ ಉಳಿಯಿತು. ಗೋಡೆಯ ಮೇಲೆ 'ಹಳೆಯದು ತನ್ನಿ, ಹೊಸದು ಒಯ್ಯಿರಿ' ಎಂದು ಬರೆದಿತ್ತು. ಅಬ್ಬಿ ಹಳೇ ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು, ಹಲ್ಲಲ್ಲಿ ಗಂಟು ಬಿಚ್ಚಿ, ಚಾಲೂ ಮಾಡಿಸಿದಳು. ಬೇಕಾದದ್ದೆಲ್ಲ ಹೊಸದಕ್ಕೆ ಹೋಗುವಷ್ಟು ಹೊತ್ತೂ ಫ್ಯಾನು ತಿರುಗಿತು. ಬಾಗಿಲು ಮುಚ್ಚಿದ ಏಸಿಯ ಕೋಣೆ. ಇಡೀ ಅಂಗಡಿಗೆ ಒಣ ಬೈಗೆಯ ಪರಿಮಳ ಹಬ್ಬಿತು. ಟೀವಿ ನೋಡುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮಾಲೀಕರು ಮೂಗು ಹಿಡಿದುಕೊಂಡರು. "ಅಕ್ಕಾ, ಇದ್ ತುಂಬ ಹಳತ್. ಇದ್ಕ್ ಎಂತದೂ ಸಿಕ್ಕೂದಿಲ್ಲ."

ಅಬ್ಬಿ ಸೊಂಟಕ್ಕೆ ಕೈ ಇಟ್ಟಳು. "ಹಳತ್ ಅಲ್ಲ ಸಾವ್ಕಾರ್ರೆ, ಒಣಗ್ಸಿದ್ದ್. ಹಸಿ ಮೀನಿಗಿಂತ ಒಣ ಮೀನಿಗ್ ರೇಟ್ ಜಾಸ್ತಿ ಅಂಬ್ದ್ ನಿಮ್ಗ್ ನಾ ಹೇಳ್ಕಾ?"

ಅಂಗಡಿಯೇ ನಕ್ಕಿತು. ಮಾಲೀಕರು ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತು, ಆ ಅಂತರಕ್ಕೆ ಹಳೆಯದನ್ನು ತೆಗೆದುಕೊಂಡರು. ಹೊರಡುವಾಗ ಅಬ್ಬಿ ಕೌಂಟರಿನ ಮೇಲಿದ್ದ ಸಣ್ಣ ಬೋರ್ಡು ತೋರಿಸಿ, "ಅಲ್ಲೆಂತ ಬರ್ದದ್ದ್? ಓದ್," ಎಂದಳು. 'ಒಮ್ಮೆ ಮಾರಿದ ವಸ್ತುವನ್ನು ಯಾವ ಕಾರಣಕ್ಕೂ ಹಿಂದಕ್ಕೆ ಪಡೆಯುವುದಿಲ್ಲ' ಎಂದು ಓದಿದೆ. "ಲಾಯ್ಕ್ ಬರ್ದಿದ್ರ್," ಎಂದು ತಲೆಯಾಡಿಸಿದಳು.

ಸೋಮವಾರ ಮಧ್ಯಾಹ್ನ ಮಾಷ್ಟ್ರು ಬಂದರು. ಅಬ್ಬಿಯೂ ಮಾರ್ಕೆಟ್ಟಿನಿಂದ ವಾಪಸು ಬರುವಾಗ ಹೆಮ್ಮಾಡಿಯಲ್ಲಿ ಇಳಿದು, ಬುಟ್ಟಿ ಮಡಿಲಲ್ಲಿಟ್ಟು ಬೆಂಚಿನ ಮೇಲೆ ಕೂತಿದ್ದಳು. ಫೋಟೋ ಒತ್ತಿದೆ. ಮಾಡು, ಕಿಟಕಿ, ಹಣೆ, ಮೂಗು, ಮೀಸೆ, ಪಂಚೆ, ಎಲ್ಲ ಒಟ್ಟಿಗೆ ಬಂದವು. ಮಾಷ್ಟ್ರು ಪರದೆಯಲ್ಲಿದ್ದ ಎಳೆಯ ಮಾಷ್ಟ್ರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚೀಲದಿಂದ ಫೋಟೋಗಳ ದೊಡ್ಡ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟು, "ಕೆಲ್ಸ ನಿಂಗೇ ಮಗಾ," ಎಂದರು. ನಾನು ಅಬ್ಬಿಯ ಮುಖ ನೋಡಿದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಫ್ಯಾನಿನ ಎದುರಿಗೆ ಬಂದು ಮೂಸಿದ ಬೆಕ್ಕು ಮಾತ್ರ ಬೇಜಾರಿನಿಂದ ಎದ್ದು ಹೋಯಿತು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಕುಂದಾಪುರದ ಮಾಲೀಕರು. "ಹ್ವಾಯ್, ನಿಮ್ಮ ಅಬ್ಬಿ ಇದ್ರಾ? ಆ ಒಣಗ್ಸಿದ್ದನ್ನ ದಯಮಾಡಿ ವಾಪಸ್ ಕೊಂಡ್ಹೋಪುಕ್ ಹೇಳಿ. ಬೆಳಿಗ್ಗೆಯಿಂದ ಅಂಗ್ಡಿ ಬಾಗ್ಲಲ್ಲಿ ಏಳ್ ಬೆಕ್ಕ್ ಕೂತಿತ್ತ್. ಗಿರಾಕಿ ಒಳ್ಗ್ ಬಪ್ಪುಕಾತಿಲ್ಲೆ!"

ಫೋನನ್ನು ಅಬ್ಬಿಗೆ ಕೊಟ್ಟೆ. ಅವಳು ಎಲ್ಲ ಸಮಾಧಾನದಿಂದ ಕೇಳಿದಳು.

"ಮಾರಿದ್ ಮೀನ್ ವಾಪಸ್ ತಕಂಬು ಕ್ರಮ ನಮ್ಮಲ್ಲೂ ಇಲ್ಲೆ ಸಾವ್ಕಾರ್ರೆ. ನೀವಾರೆ ಬೋರ್ಡೇ ಬರ್ದ್ ಇಟ್ಕಂಡಿದ್ರಿ, ನಮ್ಗ್ ಬಾಯಿಪಾಠ."